ಹುಳುವಿಗೆ ಕಾವಲು, ಎಲೆಗೆ ವಿನಾಯಿತಿ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಿಗೆ ಬರುವ ಪ್ರತಿಯೊಂದು ರೇಷ್ಮೆಗೂಡಿನ ಹಿಂದೆಯೂ ಎರಡು ಜೀವಗಳಿವೆ. ಒಂದು ಹುಳು, ಇನ್ನೊಂದು ಹಿಪ್ಪುನೇರಳೆ. ಈ ಸೀಮೆಯ ರೈತ ಇವೆರಡನ್ನೂ ಎಂದೂ ಬೇರೆಯಾಗಿ ಎಣಿಸಿದವನಲ್ಲ. ಎಲೆ ಕೆಟ್ಟರೆ ಹುಳು ಕೆಟ್ಟಿತು, ಹುಳು ಕೆಟ್ಟರೆ ಮನೆ ಕೆಟ್ಟಿತು ಎಂಬುದು ಅವನ ಲೆಕ್ಕ. ದೆಹಲಿಯ ಲೆಕ್ಕ ಮಾತ್ರ ಬೇರೆಯಾಗಿದೆ. ಹುಳುವಿನ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ತಿದ್ದಿದರೆ ಅದು ಕೇಂದ್ರ ಸಮಿತಿಯ ಅನುಮತಿಯಿಲ್ಲದೆ ಹೊರಗೆ ಬರುವಂತಿಲ್ಲ. ಅದೇ ಉಪಕರಣದಿಂದ, ಅದೇ ಬಗೆಯಲ್ಲಿ ಎಲೆಯ ವಂಶವಾಹಿಯನ್ನು ತಿದ್ದಿದರೆ ಆ ಅನುಮತಿಯ ಅಗತ್ಯವಿಲ್ಲ. 2022ರ ಮಾರ್ಚ್ 30ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಒಂದು ಕಚೇರಿ ಜ್ಞಾಪನಪತ್ರದಿಂದ ಇದು ಸಾಧ್ಯವಾಯಿತು. ಸಂಸತ್ತಿನಲ್ಲಿ ಚರ್ಚೆಯಿಲ್ಲ, ಹಳ್ಳಿಗಳಲ್ಲಿ ಸುದ್ದಿಯಿಲ್ಲ.

ಈ ಭೇದಕ್ಕೆ ಕೊಡಲಾಗುವ ಸಮರ್ಥನೆ ಒಂದೇ: ಹೊರಗಿನ ಡಿಎನ್ಎ ಸಸ್ಯದಲ್ಲಿ ಉಳಿದಿಲ್ಲ, ಕತ್ತರಿಸಿದ್ದನ್ನು ಕೋಶವೇ ಬೆಸೆದುಕೊಂಡಿದೆ, ಆದುದರಿಂದ ಇದು ನಿಸರ್ಗದಲ್ಲಿ ನಡೆಯುವ ಬದಲಾವಣೆಗೆ ಸಮಾನ. ಕೇಳಲು ಇಂಪಾದ ಮಾತು. ಆದರೆ ಬೆಸುಗೆ ಜೀವಂತ ಕೋಶದೊಳಗೆ ನಡೆಯಿತೆಂಬುದು ಪರೀಕ್ಷೆಯನ್ನು ಸಡಿಲಿಸಲು ಕಾರಣವಾಗಬೇಕೋ, ಬಿಗಿಗೊಳಿಸಲು ಕಾರಣವಾಗಬೇಕೋ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಬೆಸುಗೆಯ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ವಿವರವಾಗಿ ನೋಡಬೇಕು.

1972ರಲ್ಲಿ ಅಮೆರಿಕದ ಪಾಲ್ ಬರ್ಗ್ ಎರಡು ಬೇರೆ ಮೂಲಗಳ ಡಿಎನ್ಎಗಳನ್ನು ಮೊದಲ ಬಾರಿಗೆ ಜೋಡಿಸಿದಾಗ ಆ ಕೆಲಸ ನಡೆದದ್ದು ಗಾಜಿನ ನಳಿಕೆಯಲ್ಲಿ. ಮರು ವರ್ಷ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ಅವರು ಹಾಗೆ ಜೋಡಿಸಿದ ಡಿಎನ್ಎಯನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ, ಅದು ಹೆಚ್ಚಿದಂತೆಲ್ಲ ಡಿಎನ್ಎಯ ಪ್ರತಿಗಳೂ ಹೆಚ್ಚುವಂತೆ ಮಾಡಿದರು. ಒಂದು ಕಿಣ್ವ ಕತ್ತರಿ, ಇನ್ನೊಂದು ಕಿಣ್ವ ಅಂಟು. ಕತ್ತರಿಸುವುದು, ಅಂಟಿಸುವುದು ಎರಡೂ ಮನುಷ್ಯನ ಕಣ್ಣೆದುರಿನ ನಳಿಕೆಯಲ್ಲಿ. ಪ್ರತಿ ತೆಗೆಯುವುದಷ್ಟೇ ಜೀವಕೋಶದ ಪಾಲು. ಏನನ್ನು ಅಂಟಿಸಲಾಯಿತೆಂದು ಕೋಶಕ್ಕೆ ಹಾಕುವ ಮುನ್ನವೇ ಪರೀಕ್ಷಿಸಿ ನೋಡಲು ಅವಕಾಶವಿತ್ತು.

ಕ್ರಮೇಣ ಅಂಟಿಸುವ ಕೆಲಸವನ್ನೂ ಕೋಶಕ್ಕೇ ವಹಿಸಲಾಯಿತು. ಪ್ರತಿಯೊಂದು ಜೀವಕೋಶಕ್ಕೂ ತುಂಡಾದ ತನ್ನ ಡಿಎನ್ಎಯನ್ನು ಸರಿಪಡಿಸಿಕೊಳ್ಳುವ ಸಾಮರ್ಥ್ಯವಿದೆ. ಇಲ್ಲದಿದ್ದರೆ ಬಿಸಿಲಿಗೆ ನಿಂತ ಯಾವ ಗಿಡವೂ ಬದುಕುತ್ತಿರಲಿಲ್ಲ. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಈ ವಿದ್ಯೆಯಲ್ಲಿ ಬಹು ಚತುರ. ತುದಿಗಳ ಅಕ್ಷರಗಳು ಒಂದಕ್ಕೊಂದು ಹೊಂದುವ ಡಿಎನ್ಎ ತುಂಡುಗಳನ್ನು ಅದರೊಳಗೆ ಸುರಿದರೆ ಅವನ್ನು ಸಾಲಾಗಿ ಬೆಸೆದುಕೊಡುತ್ತದೆ. 2008ರಲ್ಲಿ ಕ್ರೇಗ್ ವೆಂಟರ್ ಅವರ ಸಂಸ್ಥೆ 25 ತುಂಡುಗಳನ್ನು ಒಂದೇ ಸಲಕ್ಕೆ ಯೀಸ್ಟಿನೊಳಗೆ ಜೋಡಿಸಿತು. 2010ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಕ್ಷರಗಳ ಒಂದು ಬ್ಯಾಕ್ಟೀರಿಯದ ಸಮಗ್ರ ವಂಶಲಿಪಿಯನ್ನೇ ಯೀಸ್ಟಿನಲ್ಲಿ ಕಟ್ಟಿ, ಬೇರೊಂದು ಬ್ಯಾಕ್ಟೀರಿಯಕ್ಕೆ ವರ್ಗಾಯಿಸಿತು. ಅದ್ಭುತ ಸಾಧನೆ, ಅನುಮಾನವಿಲ್ಲ. ಆ ಪ್ರಯೋಗದ ಒಂದು ಹಂತದಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದರಿಂದ ಕೆಲಸ ವಾರಗಟ್ಟಲೆ ನಿಂತುಹೋಗಿತ್ತೆಂಬುದನ್ನೂ ಅವರೇ ಹೇಳಿಕೊಂಡಿದ್ದಾರೆ.

ಕೋಶ ತುಂಡುಗಳನ್ನು ಬೆಸೆಯುವ ಬಗೆಯನ್ನು ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಯಾವ ವಿಜ್ಞಾನಿಗಿಂತಲೂ ಬೇಗ ಗ್ರಹಿಸಬಲ್ಲರು. ಬಿಸಿನೀರಿನಲ್ಲಿ ಕುಣಿಯುವ ಗೂಡಿನ ಎಳೆ ಕಡಿದಾಗ ಅವರು ಮತ್ತೊಂದು ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ಕೂಡಿಸುತ್ತಾರೆ. ಕೈ ಪಳಗಿದ್ದರೆ ಸೇರಿದ ಜಾಗ ಕಾಣದು. ಅವಸರವಾದರೆ ಗಂಟು ಬೀಳುತ್ತದೆ, ಕೆಲವೊಮ್ಮೆ ಕಸವೂ ಸೇರಿಕೊಳ್ಳುತ್ತದೆ. ಕೋಶದೊಳಗೂ ಇಂಥವೇ ಎರಡು ಹಾದಿಗಳಿವೆ. ಮಾದರಿ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಸರಿಪಡಿಸುವುದು ಒಂದು. ಮುರಿದ ತುದಿಗಳನ್ನು ಸಿಕ್ಕಂತೆ ತರಾತುರಿಯಲ್ಲಿ ಅಂಟಿಸುವುದು ಇನ್ನೊಂದು. ಗಿಡಗಳ ಕೋಶಗಳು ಹೆಚ್ಚಾಗಿ ಎರಡನೆಯ ಹಾದಿಯನ್ನೇ ಹಿಡಿಯುತ್ತವೆ. ಕ್ರಿಸ್ಪರ್ ಎಂದು ಪ್ರಸಿದ್ಧವಾದ ತಂತ್ರದ ಕೆಲಸ ಕತ್ತರಿಸುವಲ್ಲಿಗೆ ಮುಗಿಯುತ್ತದೆ. ಕತ್ತರಿ ಎಲ್ಲಿ ಬೀಳಬೇಕೆಂದು ವಿಜ್ಞಾನಿ ನಿರ್ದೇಶಿಸಬಲ್ಲ. ಬಹುಮಟ್ಟಿಗೆ ಅದು ಅಲ್ಲಿಯೇ ಬೀಳುತ್ತದೆ. ಅನಂತರ ತುದಿಗಳು ಹೇಗೆ ಕೂಡುತ್ತವೆ, ನಡುವೆ ಏನು ಸೇರಿಕೊಳ್ಳುತ್ತದೆ ಎಂಬುದು ಕೋಶದ ಮರ್ಜಿ.

ಈ ಮರ್ಜಿ ಎಂಥದೆಂಬುದಕ್ಕೆ ಅಮೆರಿಕದ ಮಿನ್ನೆಸೋಟದ ಒಂದು ಕಂಪನಿಯ ಹೋರಿಗಳೇ ಸಾಕ್ಷಿ. ಕೊಂಬು ಬಾರದ ಹಾಲುತಳಿಯ ಹೋರಿಗಳನ್ನು ವಂಶವಾಹಿ ತಿದ್ದಿ ಸೃಷ್ಟಿಸಿದ್ದಾಗಿ, ಬಯಸಿದ ಬದಲಾವಣೆಯ ಹೊರತು ಬೇರೇನೂ ಕಾಣಲಿಲ್ಲವೆಂದು 2016ರಲ್ಲಿ ಪ್ರಕಟವಾಯಿತು. ನಿಯಂತ್ರಣವೇ ಬೇಡವೆಂಬ ವಾದಕ್ಕೆ ಆ ಹೋರಿಗಳು ಹಲವು ವರ್ಷ ಮೆರವಣಿಗೆಯ ಬಸವಗಳಾದವು. 2019ರಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಅದೇ ವಂಶಲಿಪಿಯನ್ನು ಮತ್ತೆ ಓದಿದರು. ತಿದ್ದಿದ ಜಾಗದಲ್ಲಿ ಬ್ಯಾಕ್ಟೀರಿಯದಿಂದ ಬಂದ ಪ್ಲಾಸ್ಮಿಡ್ ಡಿಎನ್ಎ ಕೂತಿತ್ತು. ಅದರಲ್ಲಿ ಪ್ರತಿಜೀವಕಗಳನ್ನು ತಡೆದುಕೊಳ್ಳುವ ವಂಶವಾಹಿಗಳೂ ಇದ್ದವು. ಯಾರೂ ಅದನ್ನು ಬೇಕೆಂದು ಸೇರಿಸಿರಲಿಲ್ಲ. ಮಾದರಿಯನ್ನು ಹೊತ್ತು ತಂದ ಗಾಡಿಯನ್ನೇ ಕೋಶ ಸರಕಿನ ಜೊತೆ ಬೆಸೆದುಬಿಟ್ಟಿತ್ತು. ಕಂಪನಿ ಸುಳ್ಳು ಹೇಳಿತೆಂದು ಆರೋಪಿಸಬೇಕಾಗಿಲ್ಲ. ಅದು ಹುಡುಕಲಿಲ್ಲ, ಆದುದರಿಂದ ಕಾಣಲಿಲ್ಲ. ಕಂಡವರು ಯಾರು? ಹೊರಗಿನವರು. ಅವರಿಗೆ ಕಾಣಲು ಸಾಧ್ಯವಾದದ್ದೇಕೆ? ಅಲ್ಲಿ ಪ್ರಾಣಿಗಳಿಗೆ ವಿನಾಯಿತಿ ಇರಲಿಲ್ಲ.

ಇನ್ನು ಈ ನೆಲಕ್ಕೆ ಬರೋಣ. ಗೌರಿಬಿದನೂರಿನಿಂದ ಗಡಿ ದಾಟಿದರೆ ಸಿಗುವ ಊರು ಹಿಂದೂಪುರ. ಅಲ್ಲಿನ ಕಿರಿಕೆರೆಯಲ್ಲಿ ಆಂಧ್ರಪ್ರದೇಶ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಹೈದರಾಬಾದಿನ ಡಿಎನ್ಎ ಬೆರಳಚ್ಚು ಮತ್ತು ನಿದಾನ ಕೇಂದ್ರದ ವಿಜ್ಞಾನಿ ಜೆ. ನಾಗರಾಜು ಅವರ ತಂಡ ಈ ಸಂಸ್ಥೆಯ ವಿಜ್ಞಾನಿಗಳೊಡನೆ ಹಾಗೂ ಫ್ರಾನ್ಸಿನ ಸಹೋದ್ಯೋಗಿಗಳೊಡನೆ ಕೂಡಿ ಹಾಲುತೊಂಡೆ ರೋಗವನ್ನು ತಡೆದುಕೊಳ್ಳುವ ಕುಲಾಂತರಿ ರೇಷ್ಮೆಹುಳುವನ್ನು ರೂಪಿಸಿತು. ಹಾಲುತೊಂಡೆಯ ಬಗ್ಗೆ ಶಿಡ್ಲಘಟ್ಟದವರಿಗೆ ಹೇಳಬೇಕಾದ್ದಿಲ್ಲ. ಹಣ್ಣಾಗುವ ಹೊತ್ತಿಗೆ ಹುಳುವಿನ ಮೈ ಊದಿ, ಚರ್ಮ ಒಡೆದು, ಹಾಲಿನಂಥ ರಸ ಸೋರಿ, ತಟ್ಟೆಗೆ ತಟ್ಟೆಯೇ ತಿಪ್ಪೆಗೆ ಹೋಗುವುದನ್ನು ಕಾಣದ ಸಾಕಣೆ ಮನೆ ಇಲ್ಲ. ರೋಗ ತಗಲಿದ ಹುಳುವಿಗೆ ಮದ್ದಿಲ್ಲ. ಶುಚಿತ್ವ, ಸೋಂಕುನಿವಾರಣೆಗಳೇ ಗತಿ. ಅಂಥ ಮಾರಿಗೆ ಉತ್ತರ ಹುಡುಕಿದ ಕೆಲಸವನ್ನು ಹೀಗಳೆಯುವುದು ಅನ್ಯಾಯ. 2007ರಲ್ಲಿ ಮೊದಲ ಫಲಿತಾಂಶ, 2013ರಲ್ಲಿ ವೈರಸ್ಸಿನ ಹಲವು ವಂಶವಾಹಿಗಳನ್ನು ಒಟ್ಟಿಗೆ ಅಡಗಿಸುವ ಹುಳುವಿನ ಫಲಿತಾಂಶ ಪ್ರಕಟವಾದವು. ಎರಡನೆಯದು ಅಚ್ಚಾಗುವ ಮುನ್ನವೇ, 2012ರ ಕೊನೆಯ ದಿನ, ನಾಗರಾಜು ತೀರಿಕೊಂಡಿದ್ದರು.

ಆ ಹುಳು ತಯಾರಾದ ಬಗೆಯೂ ಜೀವಂತ ಕೋಶದೊಳಗಿನ ಬೆಸುಗೆಯೇ. ಕೋಸಿನ ಎಲೆ ತಿನ್ನುವ ಒಂದು ಪತಂಗದ ಡಿಎನ್ಎಯಲ್ಲಿ ಜಾಗದಿಂದ ಜಾಗಕ್ಕೆ ನೆಗೆಯುವ ತುಣುಕೊಂದಿದೆ. ಪಿಗ್ಗಿಬ್ಯಾಕ್ ಎಂದು ಅದರ ಹೆಸರು. ಬೇಕಾದ ವಂಶವಾಹಿಯನ್ನು ಆ ತುಣುಕಿನ ನಡುವೆ ಇಟ್ಟು, ಆಗಷ್ಟೇ ಇಟ್ಟ ರೇಷ್ಮೆ ಮೊಟ್ಟೆಯೊಳಕ್ಕೆ ಸೂಕ್ಷ್ಮ ಸೂಜಿಯಿಂದ ಚುಚ್ಚಿದರೆ, ಅದು ಮೊಟ್ಟೆಯ ಕೋಶದೊಳಗೇ ನೆಗೆದು ವರ್ಣತಂತುವಿನಲ್ಲಿ ಎಲ್ಲೋ ಒಂದೆಡೆ ಬೆಸೆದುಕೊಳ್ಳುತ್ತದೆ. 2000ದಲ್ಲಿ ಜಪಾನಿನ ತ್ಸುಕುಬಾದಲ್ಲಿ ತೊಶಿಕಿ ತಮುರಾ ಅವರ ತಂಡ ಈ ದಾರಿಯನ್ನು ರೇಷ್ಮೆಹುಳುವಿನಲ್ಲಿ ಮೊದಲು ತೋರಿಸಿತು. ಇಂಥ ಹುಳುವಿಗೆ ಸಾಮಾನ್ಯವಾಗಿ ಬಣ್ಣದಲ್ಲಿ ಹೊಳೆಯುವ ಕಣ್ಣಿನ ಗುರುತನ್ನೂ ಕೂಡಿಸಿರುತ್ತಾರೆ. ತಕ್ಕ ಬೆಳಕಿನಲ್ಲಿ ಸೂಕ್ಷ್ಮದರ್ಶಕ ಹಿಡಿದರೆ ಕುಲಾಂತರಿ ಯಾವುದು, ನಾಟಿ ಯಾವುದು ಎಂದು ಬೇರ್ಪಡಿಸಬಹುದು.

ಸಾಕಿದ ರೇಷ್ಮೆ ಚಿಟ್ಟೆ ಹಾರಲಾರದು. ಮನುಷ್ಯ ಎಲೆ ಹಾಕದಿದ್ದರೆ ಹುಳು ಬದುಕಲಾರದು. ನಂದಿ, ಸ್ಕಂದಗಿರಿಗಳ ಕಾಡಿನಲ್ಲಿ ಅದರ ಸಂಬಂಧಿ ತಳಿ ಯಾವುದೂ ಇಲ್ಲ. ಕುಲಾಂತರಿ ಎಂದೊಡನೆ ಬೆಚ್ಚಿಬೀಳುವ ಪರಿಸರವಾದಿಗಳು ಈ ಸಂಗತಿಗಳನ್ನು ಒಪ್ಪಿಕೊಳ್ಳಬೇಕು. ಅಪಾಯವಿರುವುದು ಬೇರೆಡೆ: ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಬೆರಕೆಯಾದರೆ ಮೈಸೂರು ತಳಿಯ ಶುದ್ಧತೆಯ ಗತಿ ಏನು, ನೂಲು ಬಿಚ್ಚಿದ ಮೇಲೆ ಉಳಿದು ಕೋಳಿ, ಮೀನುಗಳ ಆಹಾರವಾಗುವ ಪ್ಯೂಪಗಳ ಗತಿ ಏನು ಎಂಬ ಪ್ರಶ್ನೆಗಳಲ್ಲಿ. ಈ ಪ್ರಶ್ನೆಗಳನ್ನು ಕೇಳಲು ಕಾನೂನಿನಲ್ಲಿ ಸ್ಥಳವಿದೆ. ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರಚಿತವಾದ ನಿಯಮಗಳ ಪ್ರಕಾರ ಇಂಥ ಹುಳು ಕೇಂದ್ರ ಸಮಿತಿಯ ಮುಂದೆ ಬರಲೇಬೇಕು.

ಎಂದರೆ ಎಲ್ಲರಿಗಿಂತ ಕಡಿಮೆ ಅಲೆಯುವ, ಕಣ್ಣಿನಲ್ಲೇ ಗುರುತು ಹೊತ್ತ ಹುಳುವಿಗೆ ಪೂರ್ಣ ಕಾವಲು. ಗಾಳಿಯಲ್ಲಿ ಪರಾಗ ತೂರುವ, ಕಡ್ಡಿಯಿಂದ ಕಡ್ಡಿಗೆ ಊರೂರು ಹಬ್ಬುವ, ಯಾವ ಗುರುತೂ ಇಲ್ಲದ ಎಲೆಗೆ ವಿನಾಯಿತಿ!

ಎಲೆಯ ವಿಷಯ ಕಾಲ್ಪನಿಕವೇನಲ್ಲ. ಚನ್ನಪಟ್ಟಣದ ಕಣ್ವ ಕ್ಷೇತ್ರದಲ್ಲಿ ಮೈಸೂರಿನ ನಾಟಿ ಹಿಪ್ಪುನೇರಳೆಯಿಂದ ಆಯ್ದ ಕಣ್ವ-2 ತಳಿ ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ದಶಕಗಳ ಕಾಲ ಆಳಿತು. ಎಂ-5 ಎಂದರೂ ಅದೇ. ಅದೇ ಕಣ್ವ-2ಕ್ಕೆ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಾರ್ಲಿಯ ಒಂದು ವಂಶವಾಹಿಯನ್ನು ಸೇರಿಸಿ, ಅದು ಉಪ್ಪನ್ನೂ ನೀರಿನ ಅಭಾವವನ್ನೂ ಹೆಚ್ಚು ತಾಳುತ್ತದೆಂದು 2008ರಲ್ಲಿ ವರದಿ ಮಾಡಿದರು. ವಂಶವಾಹಿಯನ್ನು ಒಳಕ್ಕೆ ಒಯ್ದದ್ದು ಅಗ್ರೋಬ್ಯಾಕ್ಟೀರಿಯಂ, ಗಿಡಗಳ ಬುಡದಲ್ಲಿ ಗಂಟು ಹುಟ್ಟಿಸುವ ಮಣ್ಣಿನ ಬ್ಯಾಕ್ಟೀರಿಯ. ಅಂತರ್ಜಲ ಪಾತಾಳಕ್ಕಿಳಿದ ಚಿಂತಾಮಣಿಯ ರೈತನಿಗೆ ಅಂಥ ಎಲೆಯ ಆಕರ್ಷಣೆ ಎಷ್ಟೆಂದು ಊಹಿಸಬಹುದು. ಅದು ಹೊರಗಿನ ವಂಶವಾಹಿಯ ಗಿಡ, ಆದುದರಿಂದ ಇಂದಿಗೂ ನಿಯಮಕ್ಕೆ ಒಳಪಟ್ಟದ್ದು. ನಾಳೆ ಇದೇ ಗುಣವನ್ನು ಕ್ರಿಸ್ಪರ್ ಕತ್ತರಿಯಿಂದ, ಹಿಪ್ಪುನೇರಳೆಯ ಸ್ವಂತ ವಂಶವಾಹಿಯನ್ನು ಕಡಿದು ತಂದರೆ? ಸಂಸ್ಥೆಯ ಒಳಗಿನ ಜೈವಿಕ ಸುರಕ್ಷತಾ ಸಮಿತಿ ಕಾಗದಗಳನ್ನು ನೋಡಿ, ಹೊರಗಿನ ಡಿಎನ್ಎ ಉಳಿದಿಲ್ಲವೆಂದು ಒಪ್ಪಿದರೆ, 1989ರ ನಿಯಮಗಳ 7ರಿಂದ 11ರವರೆಗಿನ ಕಟ್ಟಳೆಗಳು ಅದಕ್ಕೆ ಅನ್ವಯಿಸವು. ಪರಿಸರಕ್ಕೆ ಬಿಡುಗಡೆ ಮಾಡುವ ಕುರಿತ 9ನೆಯ ನಿಯಮವೂ ಆಹಾರದ ಕುರಿತ 11ನೆಯ ನಿಯಮವೂ ಇದರಲ್ಲೇ ಸೇರಿವೆ. ಆ ಸಮಿತಿಯಲ್ಲಿ ಸರ್ಕಾರದ ನಾಮನಿರ್ದೇಶಿತರೂ ಇರುತ್ತಾರೆ, ನಿಜ. ಆದರೂ ಹೆತ್ತವರ ಮನೆಯ ಜಗಲಿಯಲ್ಲೇ ಕೂತು ಮಗುವಿನ ಜಾತಕ ಬರೆದಂತೆ ಅದರ ತೀರ್ಪು.

ತಮಾಷೆಯೆಂದರೆ 1989ರ ನಿಯಮಗಳನ್ನು ಬರೆದವರು ಹೀಗೊಂದು ಸಂದು ಉಳಿಯಬಾರದೆಂದು ಯೋಚಿಸಿಯೇ ಬರೆದಿದ್ದರು. ಕೋಶದ ಹೊರಗೆ ತಯಾರಿಸಿದ ಆನುವಂಶಿಕ ವಸ್ತುವನ್ನು ಒಳಗೆ ಸೇರಿಸುವುದಷ್ಟೇ ಅಲ್ಲ, ಜೀವಿಯ ಸ್ವಂತ ಆನುವಂಶಿಕ ವಸ್ತುವಿನ ಭಾಗವನ್ನು ಅಳಿಸಿ, ತೆಗೆದುಹಾಕಿ ಮಾಡುವ ಮಾರ್ಪಾಡೂ ತಳಿ ಎಂಜಿನಿಯರಿಂಗ್ ಎಂದು ಅವರ ವ್ಯಾಖ್ಯೆ. ಕ್ರಿಸ್ಪರ್ ಹುಟ್ಟುವುದಕ್ಕೆ ಎರಡು ದಶಕಗಳ ಮೊದಲೇ ಅದರ ಬಾಗಿಲಿಗೆ ಅಗುಳಿ ಹಾಕಿದ್ದರು. 2022ರ ಪತ್ರ ವ್ಯಾಖ್ಯೆಯನ್ನು ಮುಟ್ಟಲಿಲ್ಲ; ಅಗತ್ಯ ಬಿದ್ದಾಗ ವಿನಾಯಿತಿ ಕೊಡಬಹುದೆಂಬ 20ನೆಯ ನಿಯಮವನ್ನು ಎಳೆದು ತಂದಿತು. ಆ ದಾರಿಯಲ್ಲೇ 2025ರ ಮೇ 4ರಂದು ದೇಶದ ಮೊದಲ ಎರಡು ಜೀನೋಮ್ ತಿದ್ದಿದ ಭತ್ತದ ತಳಿಗಳು ಪ್ರಕಟವಾದವು: ಸಾಂಬಾ ಮಸೂರಿಯಿಂದ ಕಮಲಾ, ಎಂಟಿಯು-1010ರಿಂದ ಪೂಸಾ ಡಿಎಸ್‌ಟಿ-1. ಎರಡೂ ಸಾರ್ವಜನಿಕ ಸಂಸ್ಥೆಗಳ ಕೆಲಸ. ಅದೇ ಕಾರಣಕ್ಕೆ ಎಲ್ಲ ದತ್ತಾಂಶವನ್ನೂ ಸಾರ್ವಜನಿಕರ ಮುಂದಿಡಲು ಅವಕ್ಕೆ ಅಡ್ಡಿಯೇನೂ ಇರಬಾರದು.

ಭತ್ತಕ್ಕೂ ಹಿಪ್ಪುನೇರಳೆಗೂ ಇರುವ ಒಂದು ವ್ಯತ್ಯಾಸವನ್ನು ಕೃಷಿ ವಿದ್ಯಾರ್ಥಿಗಳಾದರೂ ಗಮನಿಸಬೇಕು. ಭತ್ತಕ್ಕೆ ಕತ್ತರಿಯ ವಂಶವಾಹಿಯನ್ನೂ ಒಳಗೆ ಕಳಿಸಿ, ಕೆಲಸ ಮುಗಿದ ಮೇಲೆ ಮುಂದಿನ ಪೀಳಿಗೆಯ ಸಸಿಗಳಲ್ಲಿ ಕತ್ತರಿಯಿಲ್ಲದವನ್ನು ಆರಿಸಿಕೊಳ್ಳಬಹುದು. ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ತಳಿಯ ಗುಣ ಉಳಿಯುತ್ತದೆ. ಹಿಪ್ಪುನೇರಳೆಯನ್ನು ಬೆಳೆಸುವುದು ಕಡ್ಡಿಯಿಂದ. 1997ರಲ್ಲಿ ಮೈಸೂರಿನಿಂದ ಬಂದ ವಿ-1 ತಳಿ ಇಂದು ಯಾವ ಹೊಲದಲ್ಲಿದ್ದರೂ ಅದು ಒಂದೇ ಗಿಡದ ತದ್ರೂಪಿ ಸಂತಾನ. ಬೀಜ ಹಾಕಿ ಎಬ್ಬಿಸಿದರೆ ಅದು ವಿ-1 ಆಗಿ ಉಳಿಯುವುದೇ ಇಲ್ಲ. ಆದುದರಿಂದ ಒಳಹೊಕ್ಕ ಕತ್ತರಿಯನ್ನು ಪೀಳಿಗೆ ದಾಟಿಸಿ ಹೊರಹಾಕುವ ಸುಲಭೋಪಾಯ ಇಲ್ಲಿ ನಡೆಯದು. ಚಿಕ್ಕಬಳ್ಳಾಪುರದ ದ್ರಾಕ್ಷಿಗೂ, ಆಲೂಗೆಡ್ಡೆಗೂ ಇದೇ ತೊಡಕು. ಕತ್ತರಿಯ ಕಿಣ್ವವನ್ನು ಮಾತ್ರ ಕೋಶಕ್ಕೆ ಕೊಟ್ಟು, ಡಿಎನ್ಎ ಕೊಡದೆ ಕೆಲಸ ಸಾಧಿಸುವ ಕ್ರಮಗಳಿವೆ. ಮರಜಾತಿಯ ಗಿಡಗಳಲ್ಲಿ ಅವು ಬಹು ಕಷ್ಟಸಾಧ್ಯ. ಹೊರಗಿನ ಡಿಎನ್ಎ ಏನೂ ಉಳಿದಿಲ್ಲ ಎಂಬ ಒಂದು ವಾಕ್ಯ ಭತ್ತದಲ್ಲಿ ಹೊರುವ ಭಾರಕ್ಕಿಂತ ಹಿಪ್ಪುನೇರಳೆಯಲ್ಲಿ ಹೊರುವ ಭಾರ ಹೆಚ್ಚು. ಜ್ಞಾಪನಪತ್ರಕ್ಕೆ ಎರಡೂ ಕೇವಲ ಸಸ್ಯಗಳು.

ಶಿಡ್ಲಘಟ್ಟದ ಮನೆಗಳಲ್ಲಿ ಹುಳು ತಿಂದು ಉಳಿಸಿದ ಎಲೆ ಹಸುವಿನ ಮುಂದೆ ಬೀಳುತ್ತದೆ, ಹಿಕ್ಕೆ ಗೊಬ್ಬರದ ಗುಂಡಿ ಸೇರುತ್ತದೆ. ಆಹಾರದ ನಿಯಮದಿಂದ ಎಲೆಯನ್ನು ಬಿಡಿಸಿದವರಿಗೆ ಈ ದಾರಿ ತಿಳಿದಿತ್ತೇ?

ವಿರೋಧಿ ವಾದವೊಂದನ್ನು ಇಲ್ಲಿ ಎದುರಿಸಲೇಬೇಕು. ವಿಕಿರಣ ಹಾಯಿಸಿ ತಳಿ ಪಡೆಯುವ ಹಳೆಯ ಕ್ರಮದಲ್ಲಿ ನೂರಾರು ಕಡೆ ಡಿಎನ್ಎ ಮುರಿಯುತ್ತದೆ; ಅದಕ್ಕಿಲ್ಲದ ತನಿಖೆ ಒಂದೇ ಕಡೆ ಮುರಿಯುವ ಕ್ರಿಸ್ಪರಿಗೆ ಏಕೆ ಎಂದು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ಹುರುಳಿದೆ. ಬದಲಾವಣೆಯ ಸಂಖ್ಯೆಯಿಂದ ಮಾತ್ರ ಅಳೆದರೆ ಹಳೆಯದೇ ಹೆಚ್ಚು ಒರಟು. ಆದರೆ ಹೊಸ ತಂತ್ರದ ಹೆಗ್ಗಳಿಕೆಯೇ ಅದು ನಿಖರವೆಂಬುದು. ನಿಖರವಾದದ್ದನ್ನು ತೆರೆದು ತೋರಿಸಲು ಹಿಂಜರಿಕೆ ಏಕೆ? ವಂಶಲಿಪಿಯನ್ನು ಸಮಗ್ರವಾಗಿ ಓದುವುದು 1989ರಲ್ಲಿ ಕನಸಾಗಿತ್ತು. ಇಂದು ನಿತ್ಯದ ಕೆಲಸ. ಪರೀಕ್ಷಿಸುವುದು ಸುಲಭವಾದ ಕಾಲದಲ್ಲೇ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿರುವುದು ವಿಚಿತ್ರ ವಿಜ್ಞಾನ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ತನಿಖೆ ಮಾಡಲು ಸಮಿತಿ ನೇಮಿಸಿದ್ದರು. ಪವಾಡವನ್ನು ಪರೀಕ್ಷೆಗೆ ಕರೆದ ಮಣ್ಣು ಪ್ರಯೋಗಶಾಲೆಯನ್ನು ನಂಬಿಕೆಯ ಮೇಲೆ ಬಿಟ್ಟುಬಿಡಬೇಕೇ?

ಬಂದದ್ದನ್ನು ಹಿಂದಕ್ಕೆ ಕಳಿಸಲಾಗದೆಂಬುದು ಈ ಸೀಮೆಗೆ ಪುಸ್ತಕದ ಪಾಠವಲ್ಲ. ಊಜಿ ನೊಣ 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಪಶ್ಚಿಮ ಬಂಗಾಳದ ಗೂಡುಗಳೊಂದಿಗೆ ಬಂತೆಂಬುದು ಒಪ್ಪಿತ ವಿವರಣೆ. ಅಂದಿನಿಂದ ಇಂದಿನವರೆಗೆ ಸಾಕಣೆ ಮನೆಗಳ ಕಿಟಕಿಗೆ ಬಲೆ ಕಟ್ಟುವ ಖರ್ಚು ಯಾರದು? ರೈತನದು. ತಂದವರ ಹೆಸರು ಯಾವ ಕಡತದಲ್ಲೂ ಇಲ್ಲ. ಇನ್ನೊಂದು ಉದಾಹರಣೆ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಪಾಲುದಾರನಾಗಿದ್ದ ಬಿಕಾನೇರಿ ನರ್ಮಾ ಬಿಟಿ ಹತ್ತಿ. ಸರ್ಕಾರಿ ಸಂಸ್ಥೆಗಳೇ ರೂಪಿಸಿದ, ರೈತ ತಾನೇ ಬೀಜ ಉಳಿಸಿಕೊಳ್ಳಬಹುದಾದ ಬಿಟಿ ಹತ್ತಿಯೆಂದು 2008ರಲ್ಲಿ ಅನುಮೋದನೆ ಪಡೆದು ಬಂದ ಆ ಬೀಜದಲ್ಲಿ ಖಾಸಗಿ ಕಂಪನಿಯ ವಂಶವಾಹಿ ಬೆರೆತಿದೆಯೆಂಬ ಆರೋಪ ಎದ್ದು ಮಾರಾಟ ನಿಂತಿತು. ಬೆರಕೆಯಾದದ್ದು ನಿಜವೆಂದು ಸೋಪೋರಿ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ಕಾವಲಿದ್ದ ಕಾಲದ ಕಥೆಯಿದು.

2010ರ ಫೆಬ್ರವರಿ 6ರಂದು ಬಿಟಿ ಬದನೆ ಕುರಿತು ಬೆಂಗಳೂರಿನಲ್ಲಿ ಸಾರ್ವಜನಿಕ ಸಮಾಲೋಚನೆ ನಡೆದಾಗ ರೈತರು ಸಚಿವ ಜೈರಾಂ ರಮೇಶ್ ಅವರ ಎದುರೇ ನಿಂತು ಮಾತನಾಡಿದರು. ಮೂರು ದಿನಗಳ ಬಳಿಕ ಬಿಡುಗಡೆಗೆ ತಡೆ ಬಿತ್ತು. ಸರಿಯೋ ತಪ್ಪೋ, ಮಾತಾಡಲು ಒಂದು ಸಭೆ ಇತ್ತು. ಚಿಂತಾಮಣಿಯ ಟೊಮೆಟೊ ಬೆಳೆಗಾರ ನಾಳೆ ನರ್ಸರಿಯಿಂದ ಸಸಿ ತರುವಾಗ ಅದು ತಿದ್ದಿದ ತಳಿಯೆಂದು ಅವನಿಗೆ ಹೇಳಬೇಕಾದವರು ಯಾರು? ಜಪಾನಿನಲ್ಲಿ 2021ರಿಂದ ಅಂಥ ಟೊಮೆಟೊ ಮಾರಾಟದಲ್ಲಿದೆ. ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರೂ, ರಾಜ್ಯಗಳನ್ನೂ ರೈತರನ್ನೂ ಕೇಳಿ ರಾಷ್ಟ್ರೀಯ ನೀತಿ ರೂಪಿಸಬೇಕೆಂಬುದರಲ್ಲಿ ಒಮ್ಮತದಿಂದಿದ್ದರು. ಆ ನೀತಿಯಲ್ಲಿ ಜೀನೋಮ್ ತಿದ್ದಿದ ಸಸ್ಯಗಳೂ ಸೇರಬೇಕು. ತಿದ್ದಿದ ಪ್ರತಿಯೊಂದು ತಳಿಯ ಸಮಗ್ರ ವಂಶಲಿಪಿಯನ್ನು ತಯಾರಕರಲ್ಲದ ಪ್ರಯೋಗಶಾಲೆ ಓದಬೇಕು, ಓದಿದ್ದನ್ನು ಪ್ರಕಟಿಸಬೇಕು. ಬೀಜದ ಚೀಲದ ಮೇಲೆ, ಕಡ್ಡಿಯ ಕಟ್ಟಿನ ಮೇಲೆ, ಸಸಿಯ ತಟ್ಟೆಯ ಮೇಲೆ ಅದು ತಿದ್ದಿದ ತಳಿಯೆಂದು ಕನ್ನಡದಲ್ಲಿ ಬರೆದಿರಬೇಕು. ಹುಳುವಿಗೆ ಇರುವ ಕಾನೂನೇ ಎಲೆಗೂ ಇರಲಿ ಎಂಬುದಷ್ಟೇ ಬೇಡಿಕೆ.

ಇದಕ್ಕಾಗಿ ದೆಹಲಿಯವರೆಗೆ ಕಾಯಬೇಕಾದ್ದೂ ಇಲ್ಲ. ಅದೇ 1989ರ ನಿಯಮಗಳಲ್ಲಿ, ಅಗತ್ಯವಿದ್ದೆಡೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಯೊಂದು ಇರಬೇಕೆಂದು ಬರೆದಿದೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ಸಮಿತಿ ರಚನೆಯಾಗಿದೆಯೇ, ಆಗಿದ್ದರೆ ಎಂದು ಸೇರಿತು, ಯಾವ ಕಡತ ನೋಡಿತು ಎಂದು ಮಾಹಿತಿ ಹಕ್ಕಿನಡಿ ಕೇಳಲು ಹತ್ತು ರೂಪಾಯಿ ಸಾಕು. ಚಿಂತಾಮಣಿಯ ಕುರುಬೂರಿನ ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಅರ್ಜಿ ಬರೆದುಕೊಡಬಲ್ಲರು. ಶಿಡ್ಲಘಟ್ಟದ ರೈತರು ಸಹಿ ಹಾಕಬಲ್ಲರು.